ದಿನಾ ಹೊಟ್ಟೆನೋವು ಅನ್ನೋ ಹುಡುಗ

ನಮ್ಮ ಆಫೀಸಿನ ಐಡಿ ಕಾರ್ಡಿನ ಹಿಂದೆ ಒಂದು ಫೋನ್ ನಂಬರ್ ಇದೆ. ಡೆಡ್‌ಲೈನ್, ಮ್ಯಾನೇಜರ್ ಕಿರಿಕಿರಿ, ಬ್ರೇಕಪ್ಪು, ಏನೇ ಇರಲಿ, ರಾತ್ರಿ ಎರಡು ಗಂಟೆಗೂ ಫೋನ್ ಮಾಡಬಹುದು. ಆ ಕಡೆ ಒಬ್ಬ ಕೌನ್ಸೆಲರ್ ಇರ್ತಾರೆ. ದುಡ್ಡು ಕಂಪನಿಯದ್ದು. ಮೂವತ್ತು ದಾಟಿದ, ಸಂಬಳ ಎಣಿಸೋ, ಬೇಡ ಅನಿಸಿದ್ರೆ ರಾಜೀನಾಮೆ ಎಸೆದು ಹೋಗಬಲ್ಲ ನಮಗೆ ಇಷ್ಟೆಲ್ಲ ಬೇಕು ಅನ್ನೋದ್ರಲ್ಲಿ ಯಾರಿಗೂ ಅನುಮಾನ ಇಲ್ಲ. ಅದೇ ಏಳು ವರ್ಷದ ಮಗುವಿಗೆ ಶಾಲೆಯಲ್ಲಿ ಒಬ್ಬ ಕೌನ್ಸೆಲರ್ ಬೇಕು ಅಂದು ನೋಡಿ, ಕ್ಯಾಂಟೀನ್ ಟೇಬಲ್ ಸುತ್ತ ನಗು. "ಚಿಕ್ಕ ಮಕ್ಳಿಗೆ ಎಂಥ ಟೆನ್ಷನ್ ಗುರು? ನಮ್ ಕಾಲದಲ್ಲಿ ಇದೆಲ್ಲ ಇತ್ತಾ? ನಾವು ಬೆಳೀಲಿಲ್ವಾ?"

ಬೆಳೆದೆವು, ಸರಿ. ಬೆಳೆಯದೆ ಹೋದವರು ಈ ಟೇಬಲ್ಲಿಗೆ ಬಂದು ಕೂರಲ್ಲ. ಅದಕ್ಕೇ ಅವರ ಮಾತು ನಮಗೆ ಕೇಳಿಸಲ್ಲ.

ನಂದು ಕೂಡ್ಲಿಗಿ ಸೀಮೆ. ಮಳೆ ಕೈಕೊಟ್ಟ ವರ್ಷ ಅರ್ಧ ಕೇರಿಯೇ ಗುಳೆ ಹೋಗೋ ಕಡೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಕ್ಕೆ. ಮೂರನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗನ ಅಪ್ಪ ಅವ್ವ ಹಿಂಗೇ ಹೋದರು. ಅವನನ್ನ ಅಜ್ಜಿ ಹತ್ರ ಬಿಟ್ಟರು. ಆಮೇಲೆ ದಿನಾ ಪ್ರಾರ್ಥನೆ ಹೊತ್ತಿಗೆ ಸರಿಯಾಗಿ ಅವನಿಗೆ ಹೊಟ್ಟೆನೋವು. ಒಂದೆರಡು ಸಲ ಕೂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡ. ಎಲ್ಲರೂ ನಕ್ಕರು, ನಾನೂ ನಕ್ಕೆ. "ಸಾಲಿ ತಪ್ಪಿಸ್ಕಳಾಕೆ ನಾಟಕ ಮಾಡ್ತೀಯೇನಲೇ" ಅಂತ ಮೇಷ್ಟ್ರು ಎರಡು ಬಿಟ್ಟರು. ಅಜ್ಜಿ ದೃಷ್ಟಿ ತೆಗೆದಳು, ತಾಯತ ಕಟ್ಟಿಸಿದಳು. ನಾಲ್ಕನೇ ಕ್ಲಾಸಿಗೆ ಅವನು ಬರಲೇ ಇಲ್ಲ.

ಮೇಷ್ಟ್ರು ಕೆಟ್ಟವರಲ್ಲ, ಅಜ್ಜಿಯೂ ಅಲ್ಲ. "ಈ ನೋವು ಯಾವತ್ತಿಂದ ಶುರುವಾಯ್ತಪ್ಪಾ?" ಅಂತ ಕೇಳೋದು ಯಾರ ಕೆಲಸವೂ ಆಗಿರಲಿಲ್ಲ, ಅಷ್ಟೇ. ಕೇಳಿದ್ದರೆ, ಅಪ್ಪ ಅವ್ವ ಬಸ್ ಹತ್ತಿದ ದಿನದಿಂದ ಅಂತ ಗೊತ್ತಾಗುತ್ತಿತ್ತು.

ಚಿಕ್ಕ ಮಕ್ಕಳ ಕೌನ್ಸೆಲರ್ ಅಂದ್ರೆ ಬುದ್ಧಿವಾದ ಹೇಳೋರಲ್ಲ. ಯಾವ ಮಗುವೂ ಎದುರು ಕೂತು 'ನನಗೆ ಆತಂಕವಾಗಿದೆ' ಅನ್ನಲ್ಲ. ಅದು ಹೊಟ್ಟೆನೋವು ಅನ್ನುತ್ತೆ, ಪಕ್ಕದವನನ್ನ ಕಚ್ಚುತ್ತೆ, ಇಲ್ಲಾ ಮಾತೇ ನಿಲ್ಲಿಸುತ್ತೆ. ಕೌನ್ಸೆಲರ್ ಆದವರು ಮಣ್ಣು, ಗೊಂಬೆ, ಬಣ್ಣ ಕೊಟ್ಟು ಆಡಿಸುತ್ತಾ ಗಮನಿಸುತ್ತಾರೆ. ಮನೆಯವರ ಹತ್ರ ಮಾತಾಡುತ್ತಾರೆ. ತರಗತಿಯಲ್ಲಿ ಏನು ಬದಲಾಯಿಸಬೇಕು ಅಂತ ಮೇಷ್ಟ್ರಿಗೆ ಹೇಳುತ್ತಾರೆ. ಕೈ ಮೀರಿದ್ದನ್ನ ವೈದ್ಯರಿಗೆ ಕಳಿಸುತ್ತಾರೆ. ಮಗುವಿನ ಮಾತನ್ನ ಸ್ಟಾಫ್ ರೂಮಿನ ಹರಟೆ ಮಾಡಲ್ಲ. ಆದರೆ ಯಾರೋ ಮಗುವಿನ ಮೈಮೇಲೆ ಕೈ ಹಾಕುತ್ತಿದ್ದಾರೆ ಅಂತ ಗೊತ್ತಾದರೆ ಮುಚ್ಚಿಡೋದೂ ಇಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ವರದಿ ಮಾಡಲೇಬೇಕು.

"ಇದನ್ನ ಮೇಷ್ಟ್ರೇ ಮಾಡಲಿ" ಅನ್ನೋರು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಓದಿ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಐದು ಕ್ಲಾಸು, ಜೊತೆಗೆ ಬಿಸಿಯೂಟ, ಹಾಲು, ಮೊಟ್ಟೆ, ಸಮೀಕ್ಷೆ, ಚುನಾವಣೆ. ಅದೇ ಕಾಯ್ದೆಯ 17ನೇ ಸೆಕ್ಷನ್ ಹೊಡೆಯೋದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಒಳ್ಳೇದೇ ಆಯ್ತು. ಆದರೆ ಬೆತ್ತ ಕಿತ್ತುಕೊಂಡ ಕೈಗೆ ಬೇರೇನೂ ಕೊಡಲಿಲ್ಲ. ಆ ಅನುಸೂಚಿಯಲ್ಲಿ ದೊಡ್ಡ ಶಾಲೆಗೆ ಚಿತ್ರಕಲೆ, ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರಿದ್ದಾರೆ, ಕೌನ್ಸೆಲರ್ ಇಲ್ಲ. ಸಿಬಿಎಸ್‌ಇ ಕೌನ್ಸೆಲರ್ ಕಡ್ಡಾಯ ಮಾಡಿತು, ಆದರೆ ಪೂರ್ಣಾವಧಿಯವರು ಬೇಕೋ ಅರೆಕಾಲಿಕರು ಸಾಕೋ ಅನ್ನೋದಕ್ಕೆ ಅದರ 2018ರ ನಿಯಮ ಎಣಿಸಿದ್ದು 9ರಿಂದ 12ನೇ ತರಗತಿಯ ಮಕ್ಕಳನ್ನ. ಬೋರ್ಡ್ ಪರೀಕ್ಷೆ ಹತ್ತಿರ ಬಂದ ಮೇಲೇನೇ ಮಗುವಿಗೆ ಮನಸ್ಸು ಹುಟ್ಟುತ್ತೆ ಅಂತ ಲೆಕ್ಕ!

"ಹಳ್ಳಿಗೆಲ್ಲ ಇದು ಆಗೋ ಮಾತಲ್ಲ" ಅನ್ನೋರಿಗೆ ನಮ್ಮ ಜಿಲ್ಲೆಯದೇ ಕಥೆ ಇದೆ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸೋ ತರಬೇತಿ ಕೊಟ್ಟರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 'ಬಳ್ಳಾರಿ ಮಾಡೆಲ್' ಅಂತಲೇ ಹೆಸರು. ಈಗ ವಿಜಯನಗರ ಜಿಲ್ಲೆಗೆ ಸೇರಿರೋ ಕೂಡ್ಲಿಗಿ ಆಗ ಬಳ್ಳಾರಿಯ ತಾಲ್ಲೂಕು. ಇನ್ನು ಬಿಸಿಯೂಟ. 2002ರಲ್ಲಿ ಅಕ್ಷರ ದಾಸೋಹ ಮೊದಲು ಬಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. "ಸಾಲಿ ಇರಾದು ಓದಾಕೋ ಉಣ್ಣಾಕೋ" ಅಂತ ನಮ್ಮೂರ ಕಟ್ಟೆ ಮೇಲೆ ಗೊಣಗಿದವರಿದ್ದರು. ಹಸಿದ ಹೊಟ್ಟೆಗೆ ಅಕ್ಷರ ಹತ್ತಲ್ಲ ಅಂತ ಇವತ್ತು ಅವರಿಗೂ ಗೊತ್ತು. ಹೆದರಿದ ಮನಸ್ಸಿಗೂ ಹತ್ತಲ್ಲ ಸ್ವಾಮಿ.

ಶಾಲೆಗೊಬ್ಬರು ಅಂತ ನಾನು ಕೇಳ್ತಿಲ್ಲ. ಅಮೆರಿಕದ ಸ್ಕೂಲ್ ಕೌನ್ಸೆಲರ್‌ಗಳ ಸಂಘ 250 ಮಕ್ಕಳಿಗೆ ಒಬ್ಬರು ಅನ್ನುತ್ತೆ, ಅಷ್ಟೂ ಬೇಡ. ಕ್ಲಸ್ಟರ್‌ಗೊಬ್ಬ ಸಿಆರ್‌ಪಿ ಇರೋ ಹಾಗೆ, ಕ್ಲಸ್ಟರ್‌ಗೊಬ್ಬ ತರಬೇತಾದ ಕೌನ್ಸೆಲರ್. ಒಂದನೇ ಕ್ಲಾಸಿಂದಲೇ. ಗುಳೆ ಅಂದ್ರೇನು ಅಂತ ಗೊತ್ತಿರೋರು. ಕೊಡಬೇಕಾದ್ದು ಸರ್ಕಾರವೇ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಶಾಲೆಗಳಿಗೆ ಕೌನ್ಸೆಲರ್ ಬೇಕು ಅಂತ ಬರೆದುಕೊಂಡಿದೆ. ಬರೆದದ್ದನ್ನ ಮಾಡಿ ಅಂತಷ್ಟೇ ಕೇಳ್ತಿರೋದು.

ನಮಗೂ ಕೆಲಸ ಇದೆ. ನಿಮ್ಮ ಮಗುವಿನ ಶಾಲೆಯಲ್ಲಿ ಕೌನ್ಸೆಲರ್ ಇದ್ದರೆ, ಅವರ ಹತ್ರ ಯಾರನ್ನ ಕಳಿಸ್ತಾರೆ ಅಂತ ಕೇಳಿ. ಗಲಾಟೆ ಮಾಡಿದ ಮಕ್ಕಳನ್ನಷ್ಟೇ ಅಂದ್ರೆ ಅದು ಬಣ್ಣ ಬಳಿದ ಹೆಡ್‌ಮಾಸ್ಟರ್ ರೂಮು. ಆಮೇಲೆ ಕಂಪನಿಯ ಸಿಎಸ್‌ಆರ್ ಟೀಮ್. ವರ್ಷಾ ವರ್ಷಾ ಸರ್ಕಾರಿ ಶಾಲೆ ಗೋಡೆಗೆ ಕಾರ್ಟೂನ್ ಬಿಡಿಸಿ ಸೆಲ್ಫಿ ಹೊಡ್ಕೊಂಡು ಬರ್ತೀವಲ್ಲ, ಸರ್ಕಾರ ಕಣ್ಣು ಬಿಡೋ ತನಕ ಒಂದು ಕ್ಲಸ್ಟರಿನ ಕೌನ್ಸೆಲರ್ ಸಂಬಳ ಕೊಡಿ ಅಂತ ಕೇಳಿ.

ಹೋದ ವರ್ಷ ಕೊಟ್ಟೂರು ತೇರಿನಲ್ಲಿ ಆ ಹುಡುಗ ಸಿಕ್ಕಿದ್ದ. ಅವನೂ ಈಗ ಬೆಂಗಳೂರಿನಲ್ಲೇ, ಗಾರೆ ಕೆಲಸ. ಮಕ್ಕಳೆಷ್ಟು ಅಂದೆ. "ಒಬ್ನೇ ಮಗ. ಎಲ್ಡನೇ ಕ್ಲಾಸು. ಊರಾಗೇ ಅವ್ವನತ್ರ ಬಿಟ್ಟೀವಿ. ಯಾಕೋ ಏನೋ, ಫೋನ್ ಮಾಡಿದ್ರೆ ಮಾತೇ ಆಡಲ್ಲ."

ಯಾವತ್ತಿಂದ ಅಂತ ನಾನು ಕೇಳಿದೆ. ಶಾಲೆಯಲ್ಲಿ ಕೇಳೋರು ಇನ್ನೂ ಯಾರೂ ಇಲ್ಲ.