ಅಗ್ಗದ ರೈಫಲ್ಲಿನ ಗುರಿ

ಪೊಲೀಸರ ಹೆಗಲಲ್ಲಿ ಹಳೆಯ .303 ಕಂಡವರಿಗೆ ಬೋಲ್ಟ್ ರೈಫಲ್ ಹೊಸದಲ್ಲ. ಹಿಡಿಯನ್ನು ಎತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ. ಮುಂದಕ್ಕೆ ನೂಕಿ ಕೆಳಗೊತ್ತಿದರೆ ಹೊಸದು ಒಳಗೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಬಾಗಿಲು ಮುಚ್ಚಿದೆ. ಕೊಡಗಿನ ಕೋವಿಗೂ ಈಗ ಕೈಲ್ ಪೊಳ್ದ್ ಹಬ್ಬದ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಅಮೆರಿಕದಲ್ಲಿ ಹಾಗಲ್ಲ. ಜಿಂಕೆ ಬೇಟೆಗೆ ಅಲ್ಲಿ ಲೈಸೆನ್ಸ್ ಉಂಟು, ಗೊತ್ತುಮಾಡಿದ ಕಾಲವೂ ಉಂಟು. ಅಲ್ಲಿನ ಬೇಟೆಗಾರರ ನಡುವೆ ಮುಗಿಯದ ವಾದವೊಂದಿದೆ: 400–500 ಡಾಲರಿನ ರೈಫಲ್ ಸಾಕೇ, ಮೂರು ಪಟ್ಟು ಕೊಡಬೇಕೇ?

ಸಾಕು ಎನ್ನುವವರು ಸ್ಯಾವೇಜ್ ಕಂಪನಿಯ ಹಳೆಯ ಜಾಣತನವನ್ನು ನೆನಪಿಸುತ್ತಾರೆ. ನಳಿಗೆಯನ್ನು ಕೂರಿಸುವಾಗ ತೋಟಾ ನಿಲ್ಲುವ ಜಾಗದ ಅಳತೆ ಕೂದಲೆಳೆಯಷ್ಟೂ ತಪ್ಪಬಾರದು. ನುರಿತ ಕೆಲಸಗಾರ ಉಜ್ಜಿ ಉಜ್ಜಿ ಸರಿಮಾಡುತ್ತಿದ್ದ ಈ ಕೆಲಸವನ್ನು 1958ರ ಸ್ಯಾವೇಜ್ 110 ಒಂದು ನಟ್ಟಿಗೆ ವಹಿಸಿತು: ನಳಿಗೆ ತಿರುಗಿಸು, ಅಳತೆ ನೋಡು, ನಟ್ಟು ಬಿಗಿ. ಇಂದಿನ ಸ್ಯಾವೇಜ್ ಆಕ್ಸಿಸ್, ರೂಗರ್ ಅಮೆರಿಕನ್ ರೈಫಲ್ಲುಗಳಲ್ಲೂ ಅದೇ ಉಪಾಯ. ಕೂಲಿ ಉಳಿಯಿತು, ಗುರಿ ಕೆಡಲಿಲ್ಲ. ನೂರು ಗಜದಲ್ಲಿ ಮೂರು ಗುಂಡುಗಳನ್ನು ಒಂದು–ಒಂದೂವರೆ ಇಂಚಿನೊಳಗೆ ಕೂರಿಸುವ ಅಗ್ಗದ ರೈಫಲ್ ಈಗ ಅಪರೂಪವಲ್ಲ. ಜಿಂಕೆಯ ಹೃದಯ–ಶ್ವಾಸಕೋಶದ ಭಾಗವೋ ಸುಮಾರು ಎಂಟು ಇಂಚು ಅಗಲ.

ಸಾಲದು ಎನ್ನುವವರ ಮಾತಿನಲ್ಲೂ ಹುರುಳಿದೆ. ಮೂರು ಗುಂಡು ಅದೃಷ್ಟದಿಂದಲೂ ಒಟ್ಟಿಗೆ ಬೀಳಬಹುದು; ಹತ್ತು ಹೊಡೆದು ನೋಡಿ ಎನ್ನುತ್ತಾರೆ. ಸಪೂರ ನಳಿಗೆ ಕಾದಂತೆ ಗುಂಡುಗಳು ಚದುರಬಹುದು. ಟೊಳ್ಳು ಪ್ಲಾಸ್ಟಿಕ್ ಮೈ ಒತ್ತಿದರೆ ಬಾಗಿ ನಳಿಗೆಗೆ ತಾಗುತ್ತದೆ, ಗುರಿ ಸರಿಯುತ್ತದೆ. ಒಳ್ಳೆಯ ರೈಫಲ್ಲಿನ ಬೋಲ್ಟ್ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸರಿದರೆ, ಅಗ್ಗದ್ದರಲ್ಲಿ ಗರಗರ ಸದ್ದು. ಈ ಅಸಮಾಧಾನ ಹಳೆಯದು. 1964ರಲ್ಲಿ ವಿಂಚೆಸ್ಟರ್ ಕಂಪನಿ ಖರ್ಚು ಇಳಿಸಲೆಂದು ತನ್ನ ಮಾಡೆಲ್ 70ರಿಂದ ತೋಟಾದ ಅಂಚು ಹಿಡಿದೆಳೆಯುವ ಉದ್ದನೆಯ ಉಕ್ಕಿನ ಕೊಕ್ಕೆಯನ್ನು ತೆಗೆದಾಗ ಬೇಟೆಗಾರರು ಸಿಡಿದೆದ್ದರು. 1990ರ ದಶಕದಲ್ಲಿ ಕೊಕ್ಕೆ ಮರಳಿತು. ಆದರೂ 64ಕ್ಕಿಂತ ಹಿಂದಿನ ರೈಫಲ್ಲಿಗೆ ಇಂದಿಗೂ ಹೆಚ್ಚು ಬೆಲೆ. ಅವರ ಸಿಟ್ಟು ಗುರಿಯ ಬಗ್ಗೆ ಅಲ್ಲ, ಭರವಸೆಯ ಬಗ್ಗೆ.

ಅಲ್ಲಿಗೆ ಎರಡೂ ಕಡೆಯವರು ಬೇರೆ ಬೇರೆ ವಸ್ತುವಿಗೆ ಬೆಲೆ ಕಟ್ಟುತ್ತಿದ್ದಾರೆ ಎಂದಾಯಿತು. ಗುರಿ ಈಗ ಅಗ್ಗ. ಗಟ್ಟಿತನ, ನಯ, ಬಾಳಿಕೆ ಇನ್ನೂ ದುಬಾರಿ. ಕರಡಿಯೆದುರು ನಿಲ್ಲುವವನು, ಮಳೆ–ಹಿಮದಲ್ಲಿ ತಿಂಗಳುಗಟ್ಟಲೆ ಬೆಟ್ಟ ಸುತ್ತುವವನು ಹೆಚ್ಚು ಕೊಟ್ಟರೆ ತಪ್ಪಲ್ಲ. ವರ್ಷಕ್ಕೊಂದು ವಾರ ಜಿಂಕೆಗೆ ಕಾಯುವವನಿಗೆ ಅಗ್ಗದ್ದೇ ಸರಿ. ಉಳಿದ ದುಡ್ಡಿನಲ್ಲಿ ಅವನು ಒಳ್ಳೆಯ ಸ್ಕೋಪೊಂದನ್ನೂ ಅಭ್ಯಾಸಕ್ಕೆ ಬೇಕಾದಷ್ಟು ತೋಟಾಗಳನ್ನೂ ಕೊಳ್ಳಲಿ.