ಕೊಲ್ಲದ ವಿಷವೂ ವಿಷವೇ

ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನಮ್ಮ ರೈತರು ಔಷಧಿ ಎಂದೇ ಕರೆಯುವರು. ಆ ಔಷಧಿಯಿಂದ ಜೇನಿಗೆ ಕೇಡುಂಟೇ ಎಂದು ವಿಚಾರಿಸಿದರೆ, ಗೂಡಿನ ಬಳಿ ಸತ್ತ ನೊಣಗಳು ಬಿದ್ದಿಲ್ಲವಾದುದರಿಂದ ಕೇಡಿಲ್ಲವೆಂಬ ಉತ್ತರವು ದೊರೆಯುವುದುಂಟು. ಈ ಅಳತೆಗೋಲು ಸಾಲದೆಂಬುದೇ ನನ್ನ ಅಭಿಪ್ರಾಯವು. ಔಷಧವು ಪ್ರಾಣಿಯನ್ನು ಕೊಲ್ಲದೆಯೇ ಅದರ ನಡತೆಯನ್ನು ಕೆಡಿಸಬಲ್ಲುದು. ನಡತೆ ಕೆಟ್ಟ ಜೇನಿನಿಂದ ಬೇಸಾಯಗಾರನಿಗಾಗುವ ನಷ್ಟವು ಸತ್ತ ಜೇನಿನಿಂದಾಗುವ ನಷ್ಟಕ್ಕಿಂತ ಕಡಮೆಯಲ್ಲ.

ಬೆನ್ನೆಲುಬಿಲ್ಲದ ಸಣ್ಣ ಜೀವಿಗಳಿಂದ ಔಷಧದ ಗುಣವನ್ನರಿಯುವ ಪದ್ಧತಿಯು ಹೊಸದಲ್ಲ. ಜರ್ಮನಿಯ ಟ್ಯೂಬಿಂಗೆನ್ ಪಟ್ಟಣದಲ್ಲಿ ಪ್ರಾಣಿಶಾಸ್ತ್ರಜ್ಞರಾದ ಹಾನ್ಸ್ ಪೀಟರ್ಸ್ ಎಂಬವರು ಜೇಡವು ಬಲೆ ನೇಯುವ ರೀತಿಯನ್ನು ಅಭ್ಯಸಿಸುತ್ತಿದ್ದರು. ಜೇಡವು ಬೆಳಗಾಗುವುದಕ್ಕೆ ಮೊದಲೇ ನೇಯ್ದು ಮುಗಿಸುತ್ತಿದ್ದುದರಿಂದ, ಆ ವೇಳೆಯನ್ನು ಬದಲಾಯಿಸುವ ಮದ್ದೊಂದನ್ನು ಅವರು ಔಷಧಶಾಸ್ತ್ರಜ್ಞರಾದ ಪೀಟರ್ ವಿಟ್ಟರಲ್ಲಿ ಕೇಳಿದರು. 1948ರಲ್ಲಿ ವಿಟ್ಟರು ಆಂಫೆಟಮೈನ್ ಎಂಬ ಉತ್ತೇಜಕವನ್ನು ಕೊಟ್ಟು ನೋಡಿದರು. ನೇಯುವ ವೇಳೆಯು ಬದಲಾಗಲಿಲ್ಲ. ಬಲೆಯ ಆಕಾರವು ಬದಲಾಯಿತು. ಅನಂತರ ಕೆಫೀನ್ ಮೊದಲಾದ ಬೇರೆ ಮದ್ದುಗಳನ್ನೂ ಪರೀಕ್ಷಿಸಲಾಯಿತು. 1995ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ವಿಜ್ಞಾನಿಗಳು ಇದೇ ಮಾರ್ಗವನ್ನು ಹಿಡಿದು, ಬಲೆಯು ಎಷ್ಟು ವಿಕಾರವಾಗಿದೆಯೆಂಬುದರಿಂದ ರಾಸಾಯನಿಕದ ವಿಷಶಕ್ತಿಯನ್ನು ಅಳೆಯಬಹುದೆಂದು ಸೂಚಿಸಿದರು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಜೇಡವು ಬದುಕಿಯೇ ಇತ್ತು, ಬಲೆಯನ್ನೂ ನೇಯ್ದಿತ್ತು. ಕೆಲಸ ಮಾತ್ರ ಕೆಟ್ಟಿತ್ತು.

ಜೇಡದ ಮಾತು ದೂರದ್ದೆನಿಸಿದರೆ, ನಮ್ಮ ಬೆಳೆಗಳಿಗೆ ಹತ್ತಿರದ ಜೇನನ್ನು ನೋಡೋಣ. ಕಾಫಿ ಮತ್ತು ನಿಂಬೆಜಾತಿಯ ಹೂಗಳ ಮಕರಂದದಲ್ಲಿ ಸ್ವಲ್ಪ ಕೆಫೀನ್ ಸಹಜವಾಗಿಯೇ ಇರುವುದು. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸಕ್ಕರೆ ನೀರಿನೊಡನೆ ಕೆಫೀನನ್ನೂ ಉಂಡ ಜೇನುನೊಣಗಳ ಪೈಕಿ ಹೂವಿನ ವಾಸನೆಯನ್ನು ಮರುದಿನವೂ ನೆನಪಿಟ್ಟುಕೊಂಡವುಗಳ ಸಂಖ್ಯೆಯು, ಬರಿಯ ಸಕ್ಕರೆಯನ್ನುಂಡವುಗಳಿಗಿಂತ ಮೂರು ಪಟ್ಟಾಗಿತ್ತು. ಕೊಡಗು, ಚಿಕ್ಕಮಗಳೂರುಗಳ ತೋಟಗಾರರು ಇದನ್ನು ಮನಸ್ಸಿನಲ್ಲಿಡಬೇಕು. ರೊಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗವು ಬೇಕೇ ಬೇಕು. ಅದನ್ನು ಗಾಳಿಯೊಡನೆ ಜೇನೂ ಒಯ್ಯುವುದು.

ಅತ್ಯಲ್ಪ ಪ್ರಮಾಣದ ಮದ್ದು ಜೇನಿನ ನೆನಪನ್ನು ಹೆಚ್ಚಿಸಬಲ್ಲುದಾದರೆ, ಮತ್ತೊಂದು ಮದ್ದು ಅದನ್ನು ಕೆಡಿಸಲೂ ಬಲ್ಲುದು. ಹಿಂದೆ ನಮ್ಮ ಹಿರಿಯರು ತಂಬಾಕಿನ ಕಷಾಯವನ್ನು ಹುಳುಗಳಿಗೆ ಸಿಂಪಡಿಸುತ್ತಿದ್ದರು. ಅದರಲ್ಲಿನ ನಿಕೋಟಿನ್ ಕೀಟದ ನರಗಳಲ್ಲಿ ಎಲ್ಲಿ ಹಿಡಿಯುವುದೋ, ಈಗಿನ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಮೊದಲಾದವುಗಳೂ ಅಲ್ಲಿಯೇ ಹಿಡಿಯುವುವು. 2012ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಜೇನುನೊಣಗಳ ಬೆನ್ನಿಗೆ ಸಣ್ಣ ಗುರುತುಪಟ್ಟಿಗಳನ್ನಂಟಿಸಿ, ಕೊಲ್ಲಲಾರದಷ್ಟು ಅಲ್ಪವಾದ ಥಯಾಮೆಥಾಕ್ಸಾಮ್ ಉಣಿಸಿ, ಗೂಡಿನಿಂದ ದೂರದಲ್ಲಿ ಬಿಟ್ಟರು. ಮದ್ದುಣ್ಣದ ನೊಣಗಳಿಗಿಂತ ಮದ್ದುಂಡವುಗಳಲ್ಲಿ ಹೆಚ್ಚಿನವು ಗೂಡಿಗೆ ಮರಳಲಿಲ್ಲ. ಮನೆಯ ದಾರಿ ತಪ್ಪಿದ ನೊಣವು ಹೊಲದಲ್ಲಿಯೋ ಬೇಲಿಯಲ್ಲಿಯೋ ಅಳಿಯುವುದು. ಹೀಗಿರುವಾಗ ಗೂಡಿನ ಕೆಳಗೆ ಹೆಣಗಳನ್ನೆಣಿಸಿ ಫಲವೇನು?

ಪ್ರಯೋಗಶಾಲೆಯ ಮಾತು ಹೊಲಕ್ಕೆ ಹೊಂದದೆಂದು ಕೆಲವರು ಆಕ್ಷೇಪಿಸಬಹುದು. ಮಳೆ, ಗಾಳಿ, ಬೆಳೆಗಳ ಭೇದದಿಂದ ಫಲವು ಹೆಚ್ಚುಕಡಮೆಯಾಗುವುದು ನಿಜ. ಆದರೆ ಐರೋಪ್ಯ ಒಕ್ಕೂಟವು ಇಂತಹ ಸಾಕ್ಷ್ಯಗಳನ್ನು ತೂಗಿನೋಡಿಯೇ 2018ರಲ್ಲಿ ಈ ವರ್ಗದ ಮೂರು ಔಷಧಗಳನ್ನು ಬಯಲು ಬೆಳೆಗಳಿಗೆ ನಿಷೇಧಿಸಿತು. ಔಷಧಿಯನ್ನೇ ಬಿಡಿರೆಂದು ನಾನು ಹೇಳುವುದಿಲ್ಲ. ಕೀಟದ ಹಾವಳಿಯಿಂದ ಕೈಗೆ ಬಂದ ಫಸಲು ಹಾಳಾಗುವ ಸಂಕಟವು ನನಗೂ ತಿಳಿದಿದೆ. ಕೊಲ್ಲಲಿಲ್ಲವೆಂಬ ಒಂದೇ ಕಾರಣದಿಂದ ನಿರಪಾಯವೆಂದು ನಂಬಬಾರದೆಂಬುದಷ್ಟೇ ನನ್ನ ವಾದವು.

ಆದುದರಿಂದ ಗ್ರಾಮದ ಯಜಮಾನರೂ ಭೂಮಾಲೀಕರೂ ಈ ಕೆಲವು ಸಂಗತಿಗಳನ್ನು ನಡೆಸಿಕೊಡಬೇಕೆಂದು ಕೋರುತ್ತೇನೆ. ಸೂರ್ಯಕಾಂತಿ ಮೊದಲಾದ ಬೆಳೆಗಳು ಹೂಬಿಟ್ಟಿರುವಾಗ ಸಿಂಪರಣೆಯನ್ನು ನಿಲ್ಲಿಸತಕ್ಕದ್ದು. ತಪ್ಪದಿದ್ದಲ್ಲಿ ನೊಣಗಳು ಗೂಡು ಸೇರಿದ ಮೇಲೆ, ಸಂಜೆ, ಜೇನು ಸಾಕಿದವರಿಗೆ ಹಿಂದಿನ ದಿನವೇ ತಿಳಿಸಿ ಸಿಂಪಡಿಸತಕ್ಕದ್ದು. ಬೀಜಕ್ಕೆ ಲೇಪಿಸಿದ ಔಷಧವು ಗಿಡದ ರಸದೊಡನೆ ಏರಿ ಮಕರಂದಕ್ಕೂ ಪರಾಗಕ್ಕೂ ಸೇರಬಲ್ಲುದಾದುದರಿಂದ, ಅವಶ್ಯವಿಲ್ಲದೆ ಲೇಪಿತ ಬೀಜವನ್ನು ಕೊಳ್ಳಬಾರದು. ಕಡೆಯದಾಗಿ, ಸಿಂಪರಣೆಗೆ ಮುಂಚೆಯೂ ಅನಂತರವೂ, ದಿನದ ಒಂದೇ ವೇಳೆಯಲ್ಲಿ, ಹತ್ತು ನಿಮಿಷಗಳಲ್ಲಿ ಗೂಡಿಗೆ ಮರಳುವ ನೊಣಗಳನ್ನು ಎಣಿಸಿ ಬರೆದಿಡತಕ್ಕದ್ದು. ಇದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಶಾಲೆಯ ಹುಡುಗನೊಬ್ಬನು ಸಾಕು. ಸಂಖ್ಯೆಯು ಇಳಿದುದು ಕಂಡರೆ ಔಷಧದ ಹೆಸರು, ಸಿಂಪಡಿಸಿದ ದಿನಾಂಕಗಳ ಸಹಿತ ಇಲಾಖೆಗೆ ಬರೆಯಿರಿ. ಹಲವು ಗ್ರಾಮಗಳ ಇಂತಹ ಲೆಕ್ಕವು ಒಂದೆಡೆ ಸೇರಿದಲ್ಲಿ, ಯಾವ ಔಷಧವು ನಮ್ಮ ನಾಡಿನ ಜೇನಿಗೆ ದಾರಿ ತಪ್ಪಿಸುವುದೆಂಬುದನ್ನು ಪರೀಕ್ಷಿಸಲು ಇಲಾಖೆಗೂ ಆಧಾರವು ದೊರೆಯುವುದು.