ಸಾಯದ ಶಾಯಿಗೆ ಮರಣಪತ್ರ



ಕಳೆದ ಫೆಬ್ರವರಿಯ ಒಂದು ರಾತ್ರಿ, ಗುಬ್ಬಿ ಸಮೀಪದ ಹಳ್ಳಿಯೊಂದರ ಎಸ್‌ಎಸ್‌ಎಲ್‌ಸಿ ಮಕ್ಕಳಿಗಾಗಿ ಗಣಿತದ ಮಾದರಿ ಪ್ರಶ್ನೆಪತ್ರಿಕೆ ಮುದ್ರಿಸಲು ತುಮಕೂರಿನ ಮನೆಯಲ್ಲಿ ಕುಳಿತಿದ್ದೆ. ನಲವತ್ತೆರಡು ಮಕ್ಕಳು, ತಲಾ ನಾಲ್ಕು ಪುಟ, ಎಲ್ಲವೂ ಕಪ್ಪು ಅಕ್ಷರ. ಹನ್ನೊಂದನೆಯ ಪ್ರತಿ ಹೊರಬಿದ್ದ ಮೇಲೆ ಯಂತ್ರ ನಿಂತಿತು. ನೀಲಿ ಶಾಯಿ ಮುಗಿದಿದೆ, ಹೊಸ ಕಾರ್ಟ್ರಿಜ್ ಹಾಕುವವರೆಗೆ ಮುದ್ರಣವಿಲ್ಲ ಎಂಬ ಅಪ್ಪಣೆ ಪುಟ್ಟ ಪರದೆಯ ಮೇಲೆ ಮೂಡಿತು. ಕಪ್ಪಿನ ಕಾರ್ಟ್ರಿಜ್ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ನಾನು ನೀಲಿಯ ಒಂದು ಚುಕ್ಕೆಯನ್ನೂ ಕೇಳಿರಲಿಲ್ಲ. ಉಪ್ಪಿನಕಾಯಿ ಮುಗಿದಿದೆಯೆಂದು ಅನ್ನವನ್ನೇ ಬಡಿಸದ ಮನೆಯನ್ನು ಈ ವಯಸ್ಸಿನವರೆಗೆ ನಾನು ಕಂಡಿಲ್ಲ.

ಮುದ್ರಣದ ತಲೆ ಒಣಗಿ ಕೆಡಬಾರದೆಂದು ಹೀಗೆ ಮಾಡಿದ್ದೇವೆ ಎಂದು ತಯಾರಕರು ಹೇಳುತ್ತಾರೆ. ಇರಬಹುದು. ಹಾಗಿದ್ದರೆ ಎಚ್ಚರಿಸಲಿ; ತಡೆಯುವುದೇಕೆ? ಯಂತ್ರ ನನ್ನದು, ಕಪ್ಪು ಶಾಯಿ ನನ್ನದು, ಕೆಟ್ಟರೆ ನಷ್ಟವೂ ನನ್ನದೇ.

ನಮ್ಮ ಕಾಲದ ಸೈಕ್ಲೋಸ್ಟೈಲ್ ಯಂತ್ರವನ್ನು ನಿಮ್ಮಲ್ಲಿ ಹಿರಿಯರು ಮರೆತಿರಲಾರಿರಿ. ಶಾಯಿ ಮುಗಿಯಿತೋ ಇಲ್ಲವೋ ಎಂಬುದನ್ನು ಟ್ಯೂಬು ಹಿಂಡಿ ನಾವೇ ತಿಳಿಯುತ್ತಿದ್ದೆವು. ಕೊನೆಗೆ ಅಡಿಕೋಲಿನಿಂದ ಅದರ ಬೆನ್ನು ತೀಡಿದರೆ ಇನ್ನೂ ಒಂದು ತರಗತಿಗೆ ಆಗುವಷ್ಟು ಬರುತ್ತಿತ್ತು. (ಅಂಗಿಗೂ ಆಗುವಷ್ಟು ಬರುತ್ತಿತ್ತು, ಆ ಮಾತು ಬೇರೆ.) ಈಗ ಮುಗಿದುದನ್ನು ನಿರ್ಣಯಿಸುವುದು ಕಾರ್ಟ್ರಿಜ್ಜಿಗೆ ಅಂಟಿಸಿದ ಚಿಪ್ಪು. ಅದು ಅನೇಕ ವೇಳೆ ಶಾಯಿಯನ್ನು ಅಳೆಯುವುದೇ ಇಲ್ಲ. ಮುದ್ರಿಸಿದ ಪುಟಗಳನ್ನೋ ಚಿಮ್ಮಿದ ಹನಿಗಳನ್ನೋ ಲೆಕ್ಕಹಾಕಿ ಇಷ್ಟು ಖರ್ಚಾಗಿರಬೇಕು ಎಂದು ಊಹಿಸುತ್ತದೆ.

ಡಬ್ಬಿಯ ಮೇಲಿನ ಪುಟಸಂಖ್ಯೆಯ ಮಾತಿಗೆ ಬರೋಣ. ಕಪ್ಪು ಟೋನರಿನ ಪುಟಗಳನ್ನು ಎಣಿಸಲು 2004ರಲ್ಲಿ ಐಎಸ್‌ಒ/ಐಇಸಿ 19752 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿತು. ಅದರ ಪರೀಕ್ಷಾ ಪುಟದಲ್ಲಿ ಕಪ್ಪಾಗುವುದು ಸುಮಾರು ಶೇಕಡ 5 ಭಾಗ. ಎ4 ಹಾಳೆಯ ವಿಸ್ತೀರ್ಣ 21 × 29.7, ಅಂದರೆ ಸುಮಾರು 624 ಚದರ ಸೆಂಟಿಮೀಟರ್. ಅದರಲ್ಲಿ ಶೇಕಡ 5 ಎಂದರೆ 31, ಎರಡು ಬೆಂಕಿಪೊಟ್ಟಣಗಳನ್ನು ಮಲಗಿಸಿದಷ್ಟು ಜಾಗ. ನಮ್ಮ ಪ್ರಶ್ನೆಪತ್ರಿಕೆಯ ದಪ್ಪ ಶೀರ್ಷಿಕೆ, ಒತ್ತಕ್ಷರ, ಚೌಕಟ್ಟು, ತ್ರಿಭುಜ, ವೃತ್ತಗಳು ಇದರ ಇಮ್ಮಡಿ ಕಪ್ಪನ್ನು ಬೇಡಿದರೆ 2000 ಪುಟದ ಡಬ್ಬಿ 1000ಕ್ಕೇ ಮುಗಿಯುತ್ತದೆ. ಸಂಖ್ಯೆ ಸುಳ್ಳಲ್ಲ, ಆದರೆ ಅದು ನಮ್ಮ ಪುಟದ ಸಂಖ್ಯೆಯಲ್ಲ. ಹೊಸ ಯಂತ್ರದೊಡನೆ ಬರುವ ಕಾರ್ಟ್ರಿಜ್ ಎಷ್ಟೋ ಸಲ ಪೂರ್ತಿ ತುಂಬಿಯೂ ಇರುವುದಿಲ್ಲ.

ದ್ರವಶಾಯಿಯ ಗತಿ ಇನ್ನೂ ವಿಚಿತ್ರ. ಅದರ ಪರೀಕ್ಷೆಯೂ ಬಹುಮಟ್ಟಿಗೆ ಎಡೆಬಿಡದ ಮುದ್ರಣದಲ್ಲೇ ನಡೆಯುತ್ತದೆ. ಕುಣಿಗಲ್ಲಿನ ನನ್ನ ತಂಗಿಯ ಮನೆಯಲ್ಲಿ ಮುದ್ರಣ ನಡೆಯುವುದು ಮೊಮ್ಮಗಳ ಶಾಲೆಯ ಪ್ರಾಜೆಕ್ಟಿಗೆ, ಒಮ್ಮೊಮ್ಮೆ ಪಹಣಿಯ ಪ್ರತಿಗೆ. ತಿಂಗಳುಗಟ್ಟಲೆ ಮಲಗಿದ ಯಂತ್ರ ಎದ್ದೊಡನೆ ತನ್ನ ಮೂತಿ ತೊಳೆದುಕೊಳ್ಳುತ್ತದೆ, ತೊಳೆಯುವುದು ಶಾಯಿಯಿಂದಲೇ. ಎರಡು ವರ್ಷದಲ್ಲಿ ಆಕೆ ಕೊಂಡ ಕಾರ್ಟ್ರಿಜ್ಜುಗಳ ಬೆಲೆ ಪ್ರಿಂಟರಿನ ಬೆಲೆಯನ್ನು ದಾಟಿತು. ಕಾಗದದ ಮೇಲೆ ಬಿದ್ದುದು ಐವತ್ತು ಪುಟವೂ ಇಲ್ಲ. ವಾರಕ್ಕೊಂದು ಪುಟವನ್ನಾದರೂ ಹೊಡೆಯಮ್ಮಾ ಎಂದು ಈಗ ಹೇಳಿದ್ದೇನೆ. ಟೋನರು ಪುಡಿಯಾದ್ದರಿಂದ ಒಣಗುವ ಮಾತಿಲ್ಲ. ಅಕ್ಷರ ಮಸುಕಾದಾಗ ಹೊರತೆಗೆದು ಮೆಲ್ಲಗೆ ಅತ್ತಿತ್ತ ಅಲುಗಾಡಿಸಿದರೆ ಇನ್ನಷ್ಟು ಪುಟ ಬರುತ್ತವೆ.

ಆ ದಿನ ನನ್ನ ಮಾನ ಕಾಪಾಡಿದವನು ಗುಬ್ಬಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ. ಬೆಳಿಗ್ಗೆ ಆರಕ್ಕೇ ಬಾಗಿಲು ತೆರೆದು ಉಳಿದ ಮೂವತ್ತೊಂದು ಪ್ರತಿಗಳನ್ನು ತನ್ನ ಹಳೆಯ ಎಚ್‌ಪಿ ಲೇಸರ್‌ಜೆಟ್ 1020ರಲ್ಲಿ ತೆಗೆದುಕೊಟ್ಟ. ಅದರ 12ಎ ಕಾರ್ಟ್ರಿಜ್ಜಿನ ಘೋಷಿತ ಆಯುಸ್ಸು 2000 ಪುಟ. ಚಿಪ್ಪಿಲ್ಲದ ಕಾರಣ ಪುಡಿ ತುಂಬುವವನಿಗೆ ಯಾರ ಅನುಮತಿಯೂ ಬೇಡ. “ಎಷ್ಟು ಸಲ ತುಂಬಿಸಿದ್ದೀಯಪ್ಪಾ?” ಎಂದೆ. “ಇದು ನಾಲ್ಕನೇ ಸಲ ಸಾರ್. ಹೊಸ ಮಾಡೆಲ್‌ಗಳಲ್ಲಿ ಚಿಪ್ಪು ಬಿಡಲ್ಲ. ತುಂಬೋ ಹುಡುಗರು ಒಬ್ಬೊಬ್ಬರೇ ಮೊಬೈಲ್ ಅಂಗಡಿಗೆ ಸೇರ್ಕೊಂಡ್ರು” ಎಂದ.

ಕಳಪೆ ಪುಡಿ ಡ್ರಮ್ಮನ್ನು ಹಾಳುಮಾಡುತ್ತದೆಂಬುದು ನಿಜ. ಬೆನ್ನಿಗೆಲ್ಲ ಮಸಿ ಬಳಿದುಕೊಂಡ ಹಾಳೆಗಳನ್ನು ನಾನೂ ಕಂಡಿದ್ದೇನೆ. ಆದರೆ ಕೆಟ್ಟ ದರ್ಜಿ ಇದ್ದಾನೆಂದು ಹರಿದ ಅಂಗಿಯನ್ನು ಹೊಲಿಸಕೂಡದೆಂದು ಬಟ್ಟೆ ಗಿರಣಿ ಕಟ್ಟಳೆ ವಿಧಿಸಬಹುದೇ? ಒಮ್ಮೆ ಮಾರಿದ ಕಾರ್ಟ್ರಿಜ್ಜಿನ ಮೇಲೆ ತಯಾರಕನ ಪೇಟೆಂಟ್ ಹಕ್ಕು ಉಳಿಯುವುದಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು ಲೆಕ್ಸ್‌ಮಾರ್ಕ್ ಪ್ರಕರಣದಲ್ಲಿ 2017ರಲ್ಲಿ ತೀರ್ಪಿತ್ತಿದೆ. ನ್ಯಾಯಾಲಯ ತೆರೆದ ಬಾಗಿಲನ್ನು ಚಿಪ್ಪು ಮುಚ್ಚುತ್ತದೆ. ಇಂಡೋನೇಷ್ಯಾದಂಥ ದೇಶಗಳಲ್ಲಿ ಜನ ತಾವೇ ಪ್ರಿಂಟರಿಗೆ ಶಾಯಿ ಬಾಟಲಿ ಜೋಡಿಸತೊಡಗಿದ್ದರು. ಎಪ್ಸನ್ ತನ್ನ ತೊಟ್ಟಿಯ ಪ್ರಿಂಟರನ್ನು ಮೊದಲು ಮಾರಾಟಕ್ಕಿಟ್ಟದ್ದು 2010ರಲ್ಲಿ ಅಲ್ಲಿಯೇ. ಅಂದರೆ ಕಂಪನಿಗಳಿಗೂ ಬುದ್ಧಿ ಬರುತ್ತದೆ, ಗಿರಾಕಿ ಹಟ ಹಿಡಿದರೆ. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣ ತೆರೆಯಿತು. ಇ-ತ್ಯಾಜ್ಯದ 2016ರ ನಿಯಮಗಳು ಪ್ರಿಂಟರಿನ ಜತೆಗೆ ಕಾರ್ಟ್ರಿಜ್ಜನ್ನೂ ಹೆಸರಿಸಿದ್ದವು. ಎಸೆದುದನ್ನು ಏನು ಮಾಡಬೇಕೆಂಬ ನಿಯಮ ಸರಿ. ಎಸೆಯುವಂತೆ ಮಾಡುವ ಬೀಗದ ವಿಷಯದಲ್ಲಿ ಈ ಮೌನವೇಕೆ?

ನಿಮ್ಮಲ್ಲಿ ಕೆಲವರು ಬೆಂಗಳೂರಿನ ಕಚೇರಿಗಳಲ್ಲಿ ಇಂಥ ಯಂತ್ರಗಳ ಖರೀದಿಗೆ ರುಜು ಹಾಕುವವರಿದ್ದೀರಿ. ಹಾಕುವ ಮುನ್ನ ಮಾರುವವನನ್ನು ಕೇಳಿ: ಇದರಲ್ಲಿ ಎಷ್ಟು ಮಿಲಿಲೀಟರು ಶಾಯಿ, ಎಷ್ಟು ಗ್ರಾಂ ಪುಡಿ? ಒಂದು ಬಣ್ಣ ಮುಗಿದರೆ ಮಿಕ್ಕದ್ದು ನಡೆಯುವುದೇ? ಮತ್ತೆ ತುಂಬಿದರೆ ಒಪ್ಪುವುದೇ? ಉತ್ತರವನ್ನು ಬರೆದುಕೊಡಲು ಹೇಳಿ. ಕೊಟ್ಟರೆ ನನಗೂ ಒಂದು ಪ್ರತಿ ಕಳಿಸಿ. ಸದ್ಯಕ್ಕೆ ಮುದ್ರಿಸಿ ಕಳಿಸುವುದು ಬೇಡ, ಮಿಂಚಂಚೆ ಸಾಕು.